ಲಕ್ಷಣ ಕಲಿತ ಮಾತ್ರಕ್ಕೆ ಕಥೆ ಬರುತ್ತದೆಯೇ? ಇಂಡೊನೇಷ್ಯಾದ ಭಾಷಾ ತರಗತಿಯಲ್ಲಿ ಫ್ಯಾಂಟಸಿ ಬರವಣಿಗೆ

ಇಂಡೊನೇಷ್ಯಾದಲ್ಲಿ ಆರು ವರ್ಷಗಳ ಪ್ರಾಥಮಿಕ ಶಿಕ್ಷಣ ಮುಗಿಸಿ ಏಳನೇ ತರಗತಿಗೆ ಬರುವ ಹನ್ನೆರಡು, ಹದಿಮೂರು ವರ್ಷದ ಮಕ್ಕಳು ರಾಷ್ಟ್ರಭಾಷೆಯ ಪಾಠದಲ್ಲಿ ಓದಿ, ಬಿಡಿಸಿ ನೋಡಿ, ಕೊನೆಗೆ ತಾವೇ ಬರೆಯಬೇಕಾದ ಪ್ರಕಾರಗಳಲ್ಲಿ ಫ್ಯಾಂಟಸಿ ಕಥೆಯೂ ಒಂದು. 2013ರ ಪಠ್ಯಕ್ರಮದ ಪರಿಷ್ಕೃತ ಆವೃತ್ತಿಯಲ್ಲಿ ಇದು 'ಚೆರಿತಾ ಫಾಂತಾಸಿ' ಎಂಬ ಹೆಸರಿನ ಪ್ರತ್ಯೇಕ ಘಟಕವಾಯಿತು. ಅಂದಿನಿಂದ ಈ ಒಂದು ಘಟಕಕ್ಕಾಗಿ ಕೈಪಿಡಿ, ಅಭ್ಯಾಸ ಹಾಳೆ, ಚಿತ್ರಕಥೆ, ಮೊಬೈಲಿನಲ್ಲಿ ಓದುವ ವಿದ್ಯುನ್ಮಾನ ಪಾಠ ಮುಂತಾದ ಬೋಧನ ಸಾಮಗ್ರಿಗಳನ್ನು ಸಿದ್ಧಪಡಿಸುವ ಕೆಲಸ ಅಲ್ಲಿನ ಶಿಕ್ಷಕರ ತರಬೇತಿ ವಿಭಾಗಗಳಲ್ಲಿ ಎಡೆಬಿಡದೆ ನಡೆದು ಬಂದಿದೆ. ಪದವಿ ಮತ್ತು ಸ್ನಾತಕೋತ್ತರ ಪ್ರಬಂಧಗಳಿಗೆ ಅದು ಒಂದು ಸಿದ್ಧ ವಿಷಯವೇ ಆಗಿಬಿಟ್ಟಿದೆ.

ಮಕ್ಕಳ ಕಲ್ಪನೆಗೆ ಸರ್ಕಾರಿ ಪಠ್ಯಕ್ರಮದಲ್ಲಿ ಅಧಿಕೃತ ಸ್ಥಾನ ಕೊಟ್ಟ ಈ ನಿರ್ಧಾರವನ್ನು ನಾನು ದೊಡ್ಡದೆಂದೇ ಭಾವಿಸುತ್ತೇನೆ. ವರದಿ, ಅರ್ಜಿ, ಸಾರಾಂಶಗಳ ನಡುವೆ ಒಂದು ದೇಶದ ಎಲ್ಲ ಮಕ್ಕಳೂ ಇಲ್ಲದ ಲೋಕವೊಂದನ್ನು ಕಟ್ಟಿ ಬರೆಯಬೇಕು ಎಂದು ಹೇಳುವ ಪಠ್ಯಕ್ರಮಗಳು ಬಹಳ ಇಲ್ಲ. ಆದರೆ ಇದಕ್ಕಾಗಿ ರೂಪುಗೊಂಡ ಸಾಮಗ್ರಿಗಳ ಒಲವು ಎತ್ತ ಕಡೆಗಿದೆ ಎಂಬುದನ್ನು ಗಮನಿಸಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಫ್ಯಾಂಟಸಿ ಕಥೆಯನ್ನು ಗುರುತಿಸುವುದನ್ನು ಅವು ಚೆನ್ನಾಗಿ ಕಲಿಸುತ್ತವೆ, ಕಟ್ಟುವುದನ್ನು ಕಲಿಸುವಲ್ಲಿ ಹಿಂದೆ ಬೀಳುತ್ತವೆ. ಈ ಅಂತರಕ್ಕೆ ಶಿಕ್ಷಕರ ಅಸಡ್ಡೆ ಕಾರಣವಲ್ಲ. ಪಠ್ಯಕ್ರಮದ ಹಿಂದಿರುವ ಸಿದ್ಧಾಂತ, ಸಂಶೋಧನೆಯ ವಿಧಾನ, ಪರೀಕ್ಷೆಯ ಸ್ವರೂಪ ಮತ್ತು ತರಗತಿಯ ಗಡಿಯಾರ ಇವೆಲ್ಲ ಸೇರಿ ಅದನ್ನು ಉಂಟುಮಾಡಿವೆ.

2013ರ ಪಠ್ಯಕ್ರಮವು ಭಾಷೆಯ ಬೋಧನೆಯನ್ನು ಪಠ್ಯಪ್ರಕಾರಗಳ ತಳಹದಿಯ ಮೇಲೆ ಮರಳಿ ಕಟ್ಟಿತು. ವ್ಯಾಕರಣ ಬೇರೆ, ಓದು ಬೇರೆ, ಬರಹ ಬೇರೆ ಎಂದು ಕಲಿಸುವ ಬದಲು ಏಳನೇ ತರಗತಿಯ ವರ್ಷವನ್ನು ವರ್ಣನೆ, ಫ್ಯಾಂಟಸಿ ಕಥೆ, ವಿಧಾನ ವಿವರಣೆ, ವೀಕ್ಷಣಾ ವರದಿ, ಜನಪದ ಕಾವ್ಯ, ಪ್ರಾಣಿಕಥೆ ಮತ್ತು ಐತಿಹ್ಯ, ಪತ್ರ ಎಂದು ಹಂಚಲಾಯಿತು. ಇದರ ಮೂಲ ಆಸ್ಟ್ರೇಲಿಯಾದಲ್ಲಿದೆ. ಭಾಷಾಶಾಸ್ತ್ರಜ್ಞ ಮೈಕಲ್ ಹ್ಯಾಲಿಡೆ ಅವರ ಚಿಂತನೆಯನ್ನು ಆಧರಿಸಿ ಜಿಮ್ ಮಾರ್ಟಿನ್, ಜೋನ್ ರೋದರಿ ಮುಂತಾದವರು 1980ರ ದಶಕದಲ್ಲಿ ಸಿಡ್ನಿಯ ಹಿಂದುಳಿದ ಬಡಾವಣೆಗಳ ಶಾಲೆಗಳಲ್ಲಿ ರೂಪಿಸಿದ ವಿಧಾನ ಅದು. ಅವರ ವಾದದಲ್ಲಿ ನ್ಯಾಯದ ಪ್ರಶ್ನೆಯೊಂದಿತ್ತು. ಓದುಬರಹದ ಮನೆಯಿಂದ ಬಂದ ಮಗುವಿಗೆ ವರದಿ ಹೇಗಿರುತ್ತದೆ, ಕಥೆ ಹೇಗೆ ತಿರುಗುತ್ತದೆ ಎಂಬುದು ಕೇಳಿ ಕೇಳಿಯೇ ಬಂದಿರುತ್ತದೆ. ಆ ಭಾಗ್ಯವಿಲ್ಲದ ಮಗುವಿಗೆ ಶಾಲೆ ಅದನ್ನು ಬಿಡಿಸಿ ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ. ಹಾಗಾಗಿ ಕಲಿಕೆ ನಾಲ್ಕು ಹಂತಗಳಲ್ಲಿ ಸಾಗಬೇಕು: ಮೊದಲು ವಿಷಯದ ಪರಿಚಯ, ನಂತರ ಮಾದರಿ ಪಠ್ಯದ ಪರಿಶೀಲನೆ, ಬಳಿಕ ಶಿಕ್ಷಕರೂ ಮಕ್ಕಳೂ ಸೇರಿ ಒಂದು ಪಠ್ಯವನ್ನು ಬರೆಯುವುದು, ಕೊನೆಯಲ್ಲಿ ಮಗುವಿನ ಸ್ವಂತ ಬರಹ.

ಈ ನಾಲ್ಕರಲ್ಲಿ ನಿಜವಾದ ಕಲಿಕೆ ನಡೆಯುವ ಜಾಗ ಮೂರನೆಯದು. ಶಿಕ್ಷಕಿ ಹಲಗೆಯ ಮುಂದೆ ನಿಂತು, ಮಕ್ಕಳು ಹೇಳಿದ್ದನ್ನು ಬರೆಯುತ್ತ, ಹೊಡೆದುಹಾಕುತ್ತ, 'ಇಲ್ಲಿ ಯಾಕೆ ಅವನು ಓಡಿಹೋಗಲಿಲ್ಲ?' ಎಂದು ಕೇಳುತ್ತ ಮುಂದುವರಿಯುವಾಗ ಬರವಣಿಗೆ ಎಂದರೆ ಒಂದಾದ ಮೇಲೊಂದು ನಿರ್ಧಾರಗಳ ಸಾಲು ಎಂಬುದು ಮಗುವಿನ ಕಣ್ಣಿಗೆ ಬೀಳುತ್ತದೆ. ಅಚ್ಚಿನಲ್ಲಿ ಹಿಡಿದಿಡಲು ಕಷ್ಟವಾದ ಹಂತವೂ ಇದೇ ಆದ್ದರಿಂದ ಕೈಪಿಡಿಗಳಲ್ಲಿ ಅತ್ಯಂತ ತೆಳುವಾಗಿ ಉಳಿಯುವುದೂ ಇದೇ. ಮೇಲಾಗಿ 2013ರ ಪಠ್ಯಕ್ರಮ ಎಲ್ಲ ವಿಷಯಗಳಿಗೂ ವೈಜ್ಞಾನಿಕ ವಿಧಾನ ಎಂಬ ಐದು ಹೆಜ್ಜೆಗಳನ್ನು ಸೂಚಿಸಿತ್ತು: ಗಮನಿಸು, ಪ್ರಶ್ನಿಸು, ಮಾಹಿತಿ ಸಂಗ್ರಹಿಸು, ತರ್ಕಿಸು, ತಿಳಿಸು. ವೀಕ್ಷಣಾ ವರದಿಗೆ ಇವು ಹೇಳಿ ಮಾಡಿಸಿದಂತಿವೆ. ಫ್ಯಾಂಟಸಿ ಕಥೆಗೆ ಅನ್ವಯಿಸಿದಾಗ ಮಾತ್ರ, ಮಗು ಕಥೆಯನ್ನು ಒಂದು ಮಾದರಿ ವಸ್ತುವಿನಂತೆ ಎದುರಿಗಿಟ್ಟುಕೊಂಡು ಅದರ ಭಾಗಗಳಿಗೆ ಹೆಸರು ಹಚ್ಚುವ ಕೆಲಸಕ್ಕೆ ತೊಡಗುತ್ತದೆ.

ಆ ಹೆಸರುಗಳೂ ಕಡಿಮೆಯೇನಲ್ಲ. ಸರ್ಕಾರಿ ಪಠ್ಯಪುಸ್ತಕದ ಪ್ರಕಾರ ಫ್ಯಾಂಟಸಿ ಕಥೆಗೆ ಪರಿಚಯ, ತೊಡಕು, ಪರಿಹಾರ ಎಂಬ ಮೂರು ಅಂಗಗಳಿವೆ. ವಾಸ್ತವದೊಂದಿಗಿನ ಸಂಬಂಧವನ್ನು ನೋಡಿ ಅದನ್ನು ಪೂರ್ಣ ಫ್ಯಾಂಟಸಿ ಎಂದೂ, ನಿಜಲೋಕದ ಊರುಹೆಸರುಗಳನ್ನು ಬೆರೆಸಿಕೊಂಡ ಫ್ಯಾಂಟಸಿ ಎಂದೂ ವಿಂಗಡಿಸಬೇಕು. ಕಾಲವನ್ನು ನೋಡಿ ಒಂದೇ ಕಾಲದ ಕಥೆ, ಕಾಲದಿಂದ ಕಾಲಕ್ಕೆ ಜಿಗಿಯುವ ಕಥೆ ಎಂದು ಮತ್ತೆ ಬೇರ್ಪಡಿಸಬೇಕು. ವಿಚಿತ್ರ ಅಥವಾ ಪವಾಡದ ಅಂಶ, ಮುಕ್ತವಾದ ವಸ್ತು, ಅಪೂರ್ವ ಶಕ್ತಿಯ ಪಾತ್ರ, ದೇಶಕಾಲಗಳನ್ನು ದಾಟುವ ಹಿನ್ನೆಲೆ ಇವು ಲಕ್ಷಣಗಳು. ಭಾಷೆಯ ಮಟ್ಟಿಗೆ ಸರ್ವನಾಮಗಳು, ಪಂಚೇಂದ್ರಿಯಗಳಿಗೆ ತಟ್ಟುವ ವರ್ಣನೆಯ ಪದಗಳು, ಕಾಲಕ್ರಮ ಸೂಚಿಸುವ ಸಂಯೋಜಕಗಳು, ಅಚ್ಚರಿ ಸೂಚಿಸುವ ನುಡಿಗಳು ಮತ್ತು ಸಂಭಾಷಣೆ ಇರಬೇಕು. ಪುಸ್ತಕದಲ್ಲಿ ಮಾದರಿಯಾಗಿ ಬರುವ ಕಥೆಗಳಲ್ಲೊಂದು ಕೊಮೊಡೊ ದ್ವೀಪದ ದೈತ್ಯ ಉಡದ ವಂಶದ್ದು. ತೋಳಗಳ ದಾಳಿಗೆ ತನ್ನ ನೀಲಿ ಬಾಲದ ಬೆಂಕಿಯಿಂದ ಉತ್ತರಿಸುವ ಆ ನಾಯಕ ಮಕ್ಕಳಿಗೆ ಹಿಡಿಸುವಂಥವನೇ. ತನ್ನದೇ ದ್ವೀಪಸಮೂಹದ ಪ್ರಾಣಿಯೊಂದನ್ನು ನಾಯಕನನ್ನಾಗಿಸಿದ ಈ ಆಯ್ಕೆಯನ್ನು ಮೆಚ್ಚಲೇಬೇಕು.

ತೊಡಕು ಆರಂಭವಾಗುವುದು ಕಥೆ ಮುಗಿದ ನಂತರ ಬರುವ ಪ್ರಶ್ನೆಗಳಲ್ಲಿ. ಪರಿಚಯದ ಭಾಗ ಯಾವುದು, ಪರಿಹಾರ ಯಾವ ಕಂಡಿಕೆಯಲ್ಲಿದೆ, ಇದು ಯಾವ ವಿಧದ ಫ್ಯಾಂಟಸಿ, ಅಚ್ಚರಿಸೂಚಕ ನುಡಿಗಳಿಗೆ ಅಡಿಗೆರೆ ಎಳೆಯಿರಿ ಎಂಬ ರೀತಿಯ ಪ್ರಶ್ನೆಗಳಿಗೆ ಸರಿ ಉತ್ತರ ಕೊಟ್ಟ ಮಗು ಒಳ್ಳೆಯ ಅಂಕ ಪಡೆಯುತ್ತದೆ. ಅನಂತರ 'ಈಗ ನೀವೂ ಒಂದು ಕಥೆ ಬರೆಯಿರಿ' ಎಂದಾಗ ಅದೇ ಮಗು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ತುಂಬಲು ಹೊರಡುತ್ತದೆ: ನಾಯಕನಿಗೊಂದು ಶಕ್ತಿ, ಮಧ್ಯದಲ್ಲೊಂದು ಹೋರಾಟ, ಅಲ್ಲಲ್ಲಿ ಇದ್ದಕ್ಕಿದ್ದಂತೆ ಆಗುವ ಘಟನೆಗಳು, ಕೊನೆಯಲ್ಲಿ ಗೆಲುವು ಅಥವಾ ಕನಸಿನಿಂದ ಎಚ್ಚರ. ಕನಸಿನಿಂದ ಎದ್ದುಬಿಡುವ ಅಂತ್ಯ ಎಲ್ಲ ದೇಶಗಳ ಮಕ್ಕಳ ಬರವಣಿಗೆಯಲ್ಲೂ ಇದೆ. ತಾನು ಹುಟ್ಟಿಸಿದ ಲೋಕ ಯಾವ ನಿಯಮದಿಂದ ನಡೆಯುತ್ತದೆ ಎಂದು ಬರೆಯುವವರಿಗೇ ತಿಳಿಯದೆ ಹೋದಾಗ ಅದರಿಂದ ಹೊರಬರಲು ಉಳಿಯುವ ಬಾಗಿಲು ಅದೊಂದೇ.

ಪಟ್ಟಿಯಲ್ಲಿ ಇಲ್ಲದೆ ಹೋದದ್ದು ಇದೇ ನಿಯಮ. ಮಾಯೆ ಇದೆಯೇ ಎಂದು ಕೇಳುವ ಪಾಠ, ಆ ಮಾಯೆ ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು, ಬಳಸಿದವರು ಅದಕ್ಕೇನು ತೆರಬೇಕು ಎಂದು ಕೇಳುವುದಿಲ್ಲ. ಫ್ಯಾಂಟಸಿ ಬರವಣಿಗೆಯ ಕಸುಬು ಈ ಮೂರು ಪ್ರಶ್ನೆಗಳಲ್ಲಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಅದನ್ನು ಕಲಿಸಲು ಇಂಡೊನೇಷ್ಯಾದವರು ದೂರ ಹೋಗಬೇಕಿಲ್ಲ.

ಜಾವಾದ ಮಕ್ಕಳಿಗೆಲ್ಲ ಗೊತ್ತಿರುವ ತಿಮುನ್ ಮಾಸ್, ಅಂದರೆ ಚಿನ್ನದ ಸೌತೆಕಾಯಿಯಿಂದ ಹುಟ್ಟಿದ ಹುಡುಗಿಯ ಕಥೆಯನ್ನೇ ತೆಗೆದುಕೊಳ್ಳಬಹುದು. ಮಕ್ಕಳಿಲ್ಲದ ಹೆಂಗಸಿಗೆ ರಕ್ಕಸನೊಬ್ಬ ಸೌತೆ ಬೀಜ ಕೊಡುತ್ತಾನೆ. ಹುಟ್ಟುವ ಮಗು ಬೆಳೆದ ಮೇಲೆ ತನಗೆ ಒಪ್ಪಿಸಬೇಕೆಂಬುದು ಅವನ ಷರತ್ತು. ಅವಧಿ ಮುಗಿದು ರಕ್ಕಸ ಬಂದಾಗ ತಾಯಿ ಮಗಳ ಕೈಗೆ ತಪಸ್ವಿಯೊಬ್ಬ ಕೊಟ್ಟ ನಾಲ್ಕು ಗಂಟುಗಳನ್ನಿಟ್ಟು ಓಡಿಸುತ್ತಾಳೆ. ಹೆಚ್ಚಿನ ಕಡೆ ಹೇಳುವಂತೆ, ಹುಡುಗಿ ಸೌತೆ ಬೀಜ ಎಸೆದರೆ ಬಳ್ಳಿಗಳ ಹೊಲ ಎದ್ದು ರಕ್ಕಸನ ಕಾಲಿಗೆ ತೊಡರುತ್ತದೆ, ಸೂಜಿಗಳನ್ನೆಸೆದರೆ ಮೊನಚಾದ ಬಿದಿರು ಮೆಳೆ ಏಳುತ್ತದೆ, ಉಪ್ಪು ಎಸೆದರೆ ಸಮುದ್ರವಾಗುತ್ತದೆ, ಕೊನೆಗೆ ಜಾವಾದ ಪ್ರತಿ ಅಡುಗೆಮನೆಯಲ್ಲೂ ಇರುವ ಸಿಗಡಿಯ ಘಾಟು ಮುದ್ದೆ ತೆರಾಸಿಯನ್ನು ಎಸೆದಾಗ ಅದು ಕುದಿಯುವ ಕೆಸರಾಗಿ ರಕ್ಕಸನನ್ನು ನುಂಗುತ್ತದೆ.

ಈ ಕಥೆಯನ್ನು ಪರಿಚಯ, ತೊಡಕು, ಪರಿಹಾರ ಎಂದು ಮೂರು ತುಂಡು ಮಾಡಿದರೆ ಸಿಗುವುದು ಸ್ವಲ್ಪ. ಹತ್ತಿರದಿಂದ ನೋಡಿದರೆ ಸಿಗುವುದು ಬಹಳ. ಪ್ರತಿಯೊಂದು ವಸ್ತುವೂ ತನ್ನ ಸ್ವಭಾವಕ್ಕೆ ತಕ್ಕದ್ದೇ ಆಗುತ್ತದೆ. ಸೂಜಿಯ ಮೊನೆ ಬಿದಿರಿನ ಮುಳ್ಳಾಗುತ್ತದೆ, ಉಪ್ಪು ಮರಳಿ ಕಡಲಾಗುತ್ತದೆ. ಗಂಟುಗಳು ನಾಲ್ಕೇ, ಒಂದೊಂದನ್ನೂ ಒಮ್ಮೆ ಮಾತ್ರ ಬಳಸಬಹುದು, ಆದ್ದರಿಂದ ಪ್ರತಿ ಬಾರಿ ಎಸೆದಾಗಲೂ ಹುಡುಗಿಯ ಆಸರೆ ಕಡಿಮೆಯಾಗುತ್ತದೆ. ರಕ್ಕಸ ಮೊದಲ ಮೂರನ್ನೂ ದಾಟುತ್ತಾನೆ, ಆದರೆ ದಾಟುವಷ್ಟರಲ್ಲಿ ಸೋಲುತ್ತ ಬರುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಇಡೀ ಸಂಕಟ ಹುಟ್ಟಿದ್ದು ಮೊದಲ ಮಾಯೆಯ ಬೆಲೆಯಿಂದ. ಮಗುವನ್ನು ಪಡೆದ ತಾಯಿ ಮಾಡಿಕೊಂಡ ಒಪ್ಪಂದವೇ ಕಥೆಯ ಚಾಲಕ ಶಕ್ತಿ. ಇವನ್ನೆಲ್ಲ ಕಂಡುಕೊಂಡ ಮಗುವಿಗೆ ಒಂದು ಕಥೆಯ ಸಾರಾಂಶದ ಜೊತೆಗೆ ಕಥೆ ಕಟ್ಟುವ ಒಂದು ಉಪಾಯವೂ ಕೈಸೇರುತ್ತದೆ.

ಇದನ್ನು ಅಭ್ಯಾಸ ಹಾಳೆಯನ್ನಾಗಿಸುವುದು ಕಷ್ಟವಲ್ಲ. ನಿಮ್ಮ ಮನೆಯ ಅಡುಗೆಕೋಣೆಯಿಂದ ನಾಲ್ಕು ವಸ್ತುಗಳನ್ನು ಆರಿಸಿ ಎಂಬುದು ಮೊದಲ ಸೂಚನೆಯಾಗಬಹುದು. ಮೆಣಸು ಅರೆಯುವ ಕಲ್ಲಿನ ತಟ್ಟೆ, ತೆಂಗಿನಕಾಯಿ ತುರಿಯುವ ಮಣೆ, ಒಂದು ಕಟ್ಟು ಮಜ್ಜಿಗೆಹುಲ್ಲು, ಬಾಳೆಲೆಯಲ್ಲಿ ಸುತ್ತಿದ ತೆಂಪೆ ಎಂಬ ಹುದುಗಿಸಿದ ಸೋಯಾ ಕಾಳಿನ ಗಟ್ಟಿ ಇವು ನೆಲಕ್ಕೆ ಬಿದ್ದರೆ ಏನೇನಾಗುತ್ತವೆ, ಯಾಕೆ ಹಾಗೆಯೇ ಆಗುತ್ತವೆ, ಬೆನ್ನಟ್ಟಿ ಬರುವವನು ಅವನ್ನು ಹೇಗೆ ದಾಟುತ್ತಾನೆ, ಯಾವುದನ್ನು ಕೊನೆಗೆ ಉಳಿಸಿಕೊಳ್ಳಬೇಕು, ಯಾಕೆ? ತುರಿಯುವ ಮಣೆ ಹಲ್ಲುಹಲ್ಲಿನ ಬೆಟ್ಟವಾಗುತ್ತದೆ ಎಂದು ಒಂದು ಮಗು ಹೇಳಿದರೆ ಇನ್ನೊಂದು ಅದನ್ನು ಒಪ್ಪದೆ ವಾದಿಸಬಹುದು, ಆ ವಾದವೇ ಹಲಗೆಯ ಮೇಲೆ ಎಲ್ಲರೂ ಸೇರಿ ಬರೆಯುವ ಕಥೆಯ ಆರಂಭವಾಗಬಹುದು. ತಪ್ಪಿಹೋಗಿದ್ದ ಮೂರನೆಯ ಹಂತ ಹೀಗೆ ಕಾಗದದ ಮೇಲೆ ಮರಳಿ ಬರುತ್ತದೆ.

ಇನ್ನೊಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕಾಲದಿಂದ ಕಾಲಕ್ಕೆ ಜಿಗಿಯುವ ಕಥೆ ಬರೆಯಲು ಹೇಳಿದಾಗ ಹುಡುಗನೊಬ್ಬ ಹೀಗೆ ಬರೆಯುತ್ತಾನೆ ಎಂದುಕೊಳ್ಳಿ: ಅವನಿಗೆ ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಮೊಬೈಲೊಂದು ಸಿಗುತ್ತದೆ, ಅದರ ಗುಂಡಿಯೊತ್ತಿದರೆ ಹದಿನಾಲ್ಕನೇ ಶತಮಾನದ ಮಜಾಪಾಹಿತ್ ರಾಜ್ಯಕ್ಕೆ ಹೋಗುತ್ತಾನೆ, ಅಲ್ಲಿ ಮಹಾಮಂತ್ರಿ ಗಜಮಾದನನ್ನು ಕಂಡು ಶತ್ರುಗಳನ್ನು ಸೋಲಿಸಲು ನೆರವಾಗಿ ಮನೆಗೆ ಮರಳುತ್ತಾನೆ. ರೂಢಿಯ ಅಂಕಪಟ್ಟಿಯ ಪ್ರಕಾರ ಇದಕ್ಕೆ ಪೂರ್ಣ ಅಂಕ ಬರಬೇಕು, ಏಕೆಂದರೆ ಮೂರು ಅಂಗಗಳಿವೆ, ವಿಚಿತ್ರವಿದೆ, ಎರಡು ಕಾಲಗಳಿವೆ. ಆದರೂ ಓದುವವರಿಗೆ ಏನೂ ಆಗುವುದಿಲ್ಲ. ಈಗ ಶಿಕ್ಷಕಿ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದರು ಎನ್ನೋಣ: 'ಒಂದು ಸಲ ಹೋಗಿಬರಲು ನೀನು ಏನನ್ನು ಕಳೆದುಕೊಳ್ಳುತ್ತೀಯ?' ಹುಡುಗ ಯೋಚಿಸಿ, ಪ್ರತಿ ಪ್ರಯಾಣಕ್ಕೂ ಮೊಬೈಲಿನಲ್ಲಿರುವ ಒಂದು ಹೆಸರು ಅಳಿಸಿಹೋಗುತ್ತದೆ, ಆ ವ್ಯಕ್ತಿಗೆ ಇವನ ನೆನಪೂ ಅಳಿಯುತ್ತದೆ ಎಂದು ಸೇರಿಸುತ್ತಾನೆ. ಅಲ್ಲಿಂದ ಕಥೆಯ ಗತಿಯೇ ಬದಲಾಗುತ್ತದೆ. ಮೊದಲ ಸಲ ಅಳಿಯುವುದು ಸಾಲ ವಾಪಸು ಕೇಳುವ ಗೆಳೆಯನ ಹೆಸರಾದರೆ ಹುಡುಗನಿಗೆ ಖುಷಿಯೇ, ಎರಡನೆಯ ಸಲ ತರಬೇತುದಾರನದ್ದು, ಮೂರನೆಯ ಸಲ ಪರದೆಯ ಮೇಲೆ ಉಳಿದಿರುವುದು ಅಮ್ಮನ ಹೆಸರೊಂದೇ. ತೊಡಕನ್ನು ಹೊರಗಿನಿಂದ ಅಂಟಿಸುವ ಅಗತ್ಯವೇ ಬೀಳಲಿಲ್ಲ, ನಿಯಮದೊಳಗಿಂದಲೇ ಅದು ಹುಟ್ಟಿತು. ಒಳ್ಳೆಯ ಬೋಧನ ಸಾಮಗ್ರಿ ಎಂದರೆ ಇಂಥ ಪ್ರಶ್ನೆ ಶಿಕ್ಷಕಿಯ ಕೈಗೆ ಸುಲಭವಾಗಿ ಸಿಗುವಂತೆ ಮಾಡುವ ಸಾಮಗ್ರಿ.

ಈಗ ಸಂಶೋಧನೆಯ ವಿಧಾನಕ್ಕೆ ಬರೋಣ. ಇಂಡೊನೇಷ್ಯಾದಲ್ಲಿ ಬೋಧನ ಸಾಮಗ್ರಿಯ ಅಭಿವೃದ್ಧಿ ಬಹುಪಾಲು 'ಸಂಶೋಧನೆ ಮತ್ತು ಅಭಿವೃದ್ಧಿ' ಎಂಬ ಮಾದರಿಯ ಪ್ರಬಂಧಗಳ ಮೂಲಕ ನಡೆಯುತ್ತದೆ. ವಾಲ್ಟರ್ ಬೋರ್ಗ್ ಮತ್ತು ಮೆರೆಡಿತ್ ಗಾಲ್ ಅವರ ಹತ್ತು ಹಂತಗಳು, ವಿಶ್ಲೇಷಣೆಯಿಂದ ಮೌಲ್ಯಮಾಪನದವರೆಗಿನ ಐದು ಹಂತಗಳ 'ಆಡಿ' ಮಾದರಿ, ಮತ್ತು ನಿರೂಪಣೆ, ವಿನ್ಯಾಸ, ಅಭಿವೃದ್ಧಿ, ಪ್ರಸಾರ ಎಂಬ ನಾಲ್ಕು ಹಂತಗಳ '4ಡಿ' ಮಾದರಿ ಅಲ್ಲಿ ಹೆಚ್ಚು ಬಳಕೆಯಲ್ಲಿವೆ. ಕೊನೆಯದನ್ನು 1974ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದವರು ಭಾರತ ಮೂಲದ ಶಿವಶೈಲಂ ತ್ಯಾಗರಾಜನ್ ಮತ್ತು ಸೆಮ್ಮೆಲ್ ದಂಪತಿ. ವಿಶೇಷ ಅಗತ್ಯಗಳ ಮಕ್ಕಳಿಗೆ ಕಲಿಸುವ ಶಿಕ್ಷಕರ ತರಬೇತಿಗಾಗಿ ಅದು ಹುಟ್ಟಿತ್ತು.

ಸಾಮಾನ್ಯವಾಗಿ ಇಂಥ ಅಧ್ಯಯನ ಶಿಕ್ಷಕರ ಮತ್ತು ಮಕ್ಕಳ ಅಗತ್ಯಗಳನ್ನು ಪ್ರಶ್ನಾವಳಿಯಿಂದ ತಿಳಿದುಕೊಂಡು ಆರಂಭವಾಗುತ್ತದೆ. ಕರಡು ಸಿದ್ಧವಾದ ಮೇಲೆ ವಿಷಯ ತಜ್ಞರು, ಭಾಷಾ ತಜ್ಞರು, ಮಾಧ್ಯಮ ತಜ್ಞರು ಅಂಕ ಕೊಡುತ್ತಾರೆ, ಸಣ್ಣ ಗುಂಪಿನಲ್ಲಿ ಪ್ರಯೋಗ ನಡೆಯುತ್ತದೆ, ಅಂಕಗಳನ್ನು ಶೇಕಡಾವಾರಿಗೆ ಪರಿವರ್ತಿಸಿ ಸಾಮಗ್ರಿ 'ಯೋಗ್ಯ' ಅಥವಾ 'ಬಹಳ ಯೋಗ್ಯ' ಎಂದು ತೀರ್ಮಾನಿಸಲಾಗುತ್ತದೆ. ಈ ಶಿಸ್ತಿನಿಂದ ಲಾಭವಿದೆ. ಮುಂದೆ ಶಿಕ್ಷಕರಾಗಲಿರುವ ಸಾವಿರಾರು ಯುವಜನರು ಸಿದ್ಧ ಪುಸ್ತಕವನ್ನು ನೆಚ್ಚಿಕೊಳ್ಳದೆ ತಾವೇ ಪಾಠ ಕಟ್ಟುವುದನ್ನು ಕಲಿಯುತ್ತಾರೆ, ಅದು ಸಣ್ಣ ಸಾಧನೆಯಲ್ಲ.

ಆದರೆ ತಜ್ಞರು ಅಳೆಯುವುದು ಅಕ್ಷರದ ಗಾತ್ರ, ಚಿತ್ರದ ಅಂದ, ಭಾಷೆಯ ಶುದ್ಧಿ, ಪಠ್ಯಕ್ರಮದೊಂದಿಗಿನ ಹೊಂದಾಣಿಕೆ ಇವನ್ನು. ಮಕ್ಕಳ ಪ್ರಶ್ನಾವಳಿ ಅಳೆಯುವುದು ಅವರಿಗೆ ಹಿಡಿಸಿತೇ ಎಂಬುದನ್ನು. ಆ ಸಾಮಗ್ರಿಯನ್ನು ಬಳಸಿದ ಮಗು ಮೊದಲು ಬರೆಯಲಾಗದಿದ್ದ ಯಾವುದನ್ನು ಈಗ ಬರೆಯಬಲ್ಲದು ಎಂಬ ಪ್ರಶ್ನೆಗೆ ಇವೆರಡೂ ಉತ್ತರವಲ್ಲ. ಕೆಲವು ಅಧ್ಯಯನಗಳು ಮೊದಲ ಮತ್ತು ಕೊನೆಯ ಪರೀಕ್ಷೆಯ ಅಂಕಗಳನ್ನು ಹೋಲಿಸುತ್ತವೆ ಎಂಬುದು ನಿಜ. ಆದರೆ ಆ ಅಂಕಗಳ ಹಿಂದಿರುವ ಮಾನದಂಡವೇ ಅಂಗಗಳ ಪಟ್ಟಿಯಾಗಿದ್ದರೆ ಏರಿದ ಅಂಕ ಹೇಳುವುದು ಪಟ್ಟಿ ಹೆಚ್ಚು ತುಂಬಿತು ಎಂದಷ್ಟೇ. ಇನ್ನು ಪ್ರಸಾರದ ಹಂತವನ್ನು ಸಮಯ ಮತ್ತು ಹಣದ ಕೊರತೆಯ ಕಾರಣ ಕೊಟ್ಟು ಕೈಬಿಡುವುದು ಪ್ರಬಂಧಗಳಲ್ಲಿ ರೂಢಿಯಾಗಿದೆ. ಅದರಿಂದಾಗಿ ಒಂದೇ ಊರಿನ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದೇ ಬಗೆಯ ಕೈಪಿಡಿ ಬೇರೆ ಬೇರೆಯಾಗಿ ಹುಟ್ಟಿ, ಎರಡೂ ಗ್ರಂಥಾಲಯದಲ್ಲೇ ಉಳಿದುಬಿಡುವುದಕ್ಕೆ ತಡೆಯೇನೂ ಇಲ್ಲ.

ಭಾಷೆಯ ವಿಚಾರ ಇದಕ್ಕಿಂತ ಆಳವಾದದ್ದು. ಇಂಡೊನೇಷ್ಯಾದಲ್ಲಿ ಏಳುನೂರಕ್ಕೂ ಹೆಚ್ಚು ಭಾಷೆಗಳಿವೆ. 1928ರ ಅಕ್ಟೋಬರ್ 28ರಂದು ಯುವಜನರು ಕೈಗೊಂಡ ಪ್ರತಿಜ್ಞೆಯಿಂದ ಐಕ್ಯದ ಭಾಷೆಯಾದ ಇಂಡೊನೇಷ್ಯನ್ ಇಂದು ಶಾಲೆ, ಕಚೇರಿ, ಪತ್ರಿಕೆಗಳ ಭಾಷೆ. ಆದರೆ 2010ರ ಜನಗಣತಿಯ ವೇಳೆಗೆ ಅದನ್ನು ಮನೆಯಲ್ಲಿ ದಿನನಿತ್ಯ ಆಡುತ್ತಿದ್ದವರು ಸುಮಾರು ಐದರಲ್ಲೊಬ್ಬರು ಮಾತ್ರ. ಅಂದರೆ ಬಹುಪಾಲು ಮಕ್ಕಳಿಗೆ ಭಯ ಹುಟ್ಟಿಸಿದ ಕಥೆಗಳು, ಅಜ್ಜಿ ಹೇಳಿದ ದೆವ್ವಗಳು, ಬೈಗುಳಗಳು, ಜೋಗುಳಗಳು ಜಾವಾನೀಸ್, ಸುಂದಾನೀಸ್, ಬುಗಿಸ್, ಮಿನಂಗ್‌ಕಬಾವು, ಬಾಲಿನೀಸ್ ಭಾಷೆಗಳಲ್ಲಿವೆ, ಕಥೆ ಬರೆಯಬೇಕಾದುದು ಮಾತ್ರ ಶಾಲೆಯ ಭಾಷೆಯಲ್ಲಿ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಉರ್ದು ಅಥವಾ ಲಂಬಾಣಿ ಆಡಿ ಶಾಲೆಯಲ್ಲಿ ಕನ್ನಡ ಬರೆಯುವ ಮಕ್ಕಳಿರುವ ಕರ್ನಾಟಕದ ಶಿಕ್ಷಕರಿಗೆ ಈ ಸನ್ನಿವೇಶವನ್ನು ವಿವರಿಸಬೇಕಾಗಿಲ್ಲ.

ಈ ಕಾರಣದಿಂದಲೇ 'ಸ್ಥಳೀಯ ಜಾಣ್ಮೆ' ಆಧಾರಿತ ಸಾಮಗ್ರಿಗಳು ಈಚೆಗೆ ಹೆಚ್ಚಾಗಿವೆ. ಅವುಗಳಲ್ಲಿ ಬಟಿಕ್ ಬಟ್ಟೆ, ದೇವಾಲಯ, ಹಬ್ಬ, ಊರಿನ ತಿನಿಸು ಇವೆಲ್ಲ ಬರುತ್ತವೆ, ಆದರೆ ಹಲವು ಸಲ ಕಥೆಯ ಹಿಂದಿನ ಪರದೆಯಾಗಿ ಮಾತ್ರ ಬರುತ್ತವೆ. ಭಾಷೆ ಕಥೆಯೊಳಗೆ ಕೆಲಸ ಮಾಡುವಂತೆ ಮಾಡುವುದು ಬೇರೆ ಮಾತು. ಜಾವಾನೀಸ್ ಭಾಷೆಯಲ್ಲಿ ಸಲಿಗೆಯ 'ಙೊಕೊ' ಮತ್ತು ಗೌರವದ 'ಕ್ರಾಮಾ' ಎಂಬ ಬೇರೆ ಬೇರೆ ನುಡಿಮಟ್ಟಗಳಿವೆ. ಮೊಮ್ಮಗಳು ಅಜ್ಜಿಯೊಂದಿಗೆ ಆಡುವ ಮಾತಿನ ಪದಗಳೇ ಗೆಳತಿಯೊಂದಿಗೆ ಆಡುವವಕ್ಕಿಂತ ಬೇರೆ. ಇಂಡೊನೇಷ್ಯನ್ನಿನಲ್ಲಿ ಬರೆಯುವ ಕಥೆಯಲ್ಲಿ ಕಾಡಿನ ಜೀವಿಯೊಂದು ಹುಡುಗಿಗೆ ಎದುರಾದಾಗ ಅದು ಒರಟಾದ ಙೊಕೊದಲ್ಲಿ ಮಾತನಾಡಿ, ಹುಡುಗಿ ಹೆದರಿಕೆಯಿಂದ ಕ್ರಾಮಾದಲ್ಲಿ ಉತ್ತರಿಸಿ, ಮುಂದೊಂದು ಘಟ್ಟದಲ್ಲಿ ಅವಳೇ ಙೊಕೊಗೆ ಇಳಿದರೆ, ಯಾರ ಕೈ ಮೇಲಾಯಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಸಂಭಾಷಣೆ ಇರಬೇಕು ಎಂದು ಪಟ್ಟಿಯಲ್ಲಿ ಬರೆಯುವ ಬದಲು, ಮನೆಮಾತಿನ ಒಂದೆರಡು ಸಾಲುಗಳಿಗೆ ಕಥೆಯಲ್ಲಿ ಜಾಗ ಕೊಡಿ ಎಂದು ಸೂಚಿಸುವ ಧೈರ್ಯವನ್ನು ಸಾಮಗ್ರಿ ತೋರಬೇಕು. ರಾಷ್ಟ್ರಭಾಷೆಯ ಪಾಠಕ್ಕೆ ಇದರಿಂದ ಕುಂದೇನೂ ಬರುವುದಿಲ್ಲ.

ಇಲ್ಲಿಯೇ ನಾಜೂಕಾದ ಇನ್ನೊಂದು ವಿಷಯವಿದೆ. ನಿಜಲೋಕದಲ್ಲಿ ನಡೆಯಲಾರದ್ದು ಫ್ಯಾಂಟಸಿ ಎಂಬ ಪಠ್ಯದ ವ್ಯಾಖ್ಯಾನ ಎಲ್ಲ ಊರುಗಳಲ್ಲೂ ಒಂದೇ ರೀತಿ ಸಲ್ಲುವುದಿಲ್ಲ. ಜಾವಾದ ದಕ್ಷಿಣ ಕಡಲಿನ ರಾಣಿ ಬಹಳ ಜನರಿಗೆ ಬರಿಯ ಕಥೆಯ ಪಾತ್ರವಲ್ಲ. ಯೋಗ್ಯಕರ್ತದ ಅರಮನೆ ಇಂದಿಗೂ ಪರಾಂಗ್‌ಕುಸುಮೊ ತೀರದಲ್ಲಿ ಲಾಬುಹಾನ್ ವಿಧಿಯಲ್ಲಿ ಕಡಲಿಗೆ ಕಾಣಿಕೆ ಅರ್ಪಿಸುತ್ತದೆ. ಆ ತೀರದ ಮಗು ರಾಣಿಯ ಬಗ್ಗೆ ಬರೆದರೆ ಅದು ಫ್ಯಾಂಟಸಿಯೇ, ಐತಿಹ್ಯವೇ, ಮನೆಯವರ ನಂಬಿಕೆಯೇ? ಕೆಲವು ಕುಟುಂಬಗಳು ಧಾರ್ಮಿಕ ಕಾರಣಕ್ಕೆ ದೆವ್ವ, ಮಂತ್ರಗಳ ಬರಹವನ್ನೇ ಇಷ್ಟಪಡದಿರಬಹುದು. 'ಇದು ಸುಳ್ಳು, ಆದ್ದರಿಂದ ಫ್ಯಾಂಟಸಿ' ಎಂಬ ಹಣೆಪಟ್ಟಿಯನ್ನು ಶಿಕ್ಷಕಿ ಹಚ್ಚಿದರೆ ಮಗುವಿನ ಮನೆಯ ಮೇಲೆ ತೀರ್ಪು ಕೊಟ್ಟಂತಾಗುತ್ತದೆ. ಕೇಳಿದ ಕಥೆಯಲ್ಲಿ ಎಲ್ಲರಿಗೂ ಸೇರಿದ ಭಾಗ ಯಾವುದು, ಬರೆಯುವವರು ಹೊಸದಾಗಿ ಹುಟ್ಟಿಸಿದ ಭಾಗ ಯಾವುದು ಎಂದು ವಿಚಾರಿಸುವ ದಾರಿ ಇದಕ್ಕಿಂತ ಸುರಕ್ಷಿತ, ಬರವಣಿಗೆಗೂ ಹೆಚ್ಚು ಉಪಯುಕ್ತ. ನೆರಳುಬೊಂಬೆಯಾಟವಾದ ವಾಯಾಂಗ್‌ನ ಸೂತ್ರಧಾರರಾದ ದಲಾಂಗರು ಶತಮಾನಗಳಿಂದ ಮಾಡುತ್ತ ಬಂದದ್ದು ಇದನ್ನೇ. ಮಹಾಭಾರತದ ಕಥೆಯನ್ನು ಉಳಿಸಿಕೊಂಡು, ಸಂಸ್ಕೃತ ಮೂಲದಲ್ಲಿಲ್ಲದ ವಿದೂಷಕ ಸೇವಕ ಸೆಮಾರ್ ಮತ್ತು ಅವನ ಮಕ್ಕಳನ್ನು ಪಾಂಡವರ ಪಕ್ಕದಲ್ಲಿ ತಂದು ನಿಲ್ಲಿಸಿದ್ದು ಜಾವಾದ ಕಲ್ಪನೆ. ಯಕ್ಷಗಾನದ ಹಾಸ್ಯಗಾರನನ್ನು ಬಲ್ಲ ಕನ್ನಡಿಗರಿಗೆ ಈ ಸ್ವಾತಂತ್ರ್ಯದ ರುಚಿ ಗೊತ್ತಿದೆ.

ಇಷ್ಟೆಲ್ಲ ಮಾಡಲು ತರಗತಿಯಲ್ಲಿ ಹೊತ್ತಿದೆಯೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ನಿಯಮದ ಪ್ರಕಾರ ಈ ಹಂತದ ಒಂದು ತರಗತಿಯಲ್ಲಿ 32 ಮಕ್ಕಳವರೆಗೆ ಇರಬಹುದು. 2013ರ ಪಠ್ಯಕ್ರಮದಲ್ಲಿ ಭಾಷೆಗೆ ವಾರಕ್ಕೆ ಆರು ಅವಧಿ, ಒಂದೊಂದೂ 40 ನಿಮಿಷ. ಒಂದು ಕರಡನ್ನು ಓದಿ ಪ್ರಯೋಜನಕ್ಕೆ ಬರುವಂಥ ಟಿಪ್ಪಣಿ ಬರೆಯಲು ಹತ್ತು ನಿಮಿಷ ಸಾಕು ಎಂದಿಟ್ಟುಕೊಂಡರೂ ಒಂದೇ ತರಗತಿಗೆ ಐದು ಗಂಟೆಗಿಂತ ಹೆಚ್ಚು ಬೇಕು, ಶಿಕ್ಷಕಿಗೆ ಇಂಥ ತರಗತಿಗಳು ಹಲವು. ಆದ್ದರಿಂದ ತಿದ್ದುವ ಕೆಲಸದ ಒಂದು ಪಾಲು ಮಕ್ಕಳ ಕೈಗೇ ಹೋಗಬೇಕು. 'ಚೆನ್ನಾಗಿದೆ' ಎಂದು ಬರೆಯುವ ಸಹಪಾಠಿಯ ಟಿಪ್ಪಣಿಯಿಂದ ಉಪಯೋಗವಿಲ್ಲ. ಮಾಯೆಯ ನಿಯಮ ನನಗೆ ಯಾವ ಸಾಲಿನಲ್ಲಿ ತಿಳಿಯಿತು, ಎಲ್ಲಿ ಆ ನಿಯಮ ಮುರಿಯಿತು, ಮುಂದೇನಾಗುತ್ತದೆಂದು ನಾನು ಎಲ್ಲಿ ಕಾತರಿಸಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸುವ ಚೀಟಿಯಾದರೆ ಅದನ್ನು ಹನ್ನೆರಡರ ಮಗುವೂ ತುಂಬಬಲ್ಲದು.

ಪರೀಕ್ಷೆಯ ಒತ್ತಡ ಈಗ ಮೊದಲಿನಂತಿಲ್ಲ. ಬಹು ಆಯ್ಕೆಯ ಪ್ರಶ್ನೆಗಳ ರಾಷ್ಟ್ರೀಯ ಪರೀಕ್ಷೆ ಕೊನೆಯ ಬಾರಿ ನಡೆದದ್ದು 2019ರಲ್ಲಿ. 2021ರಿಂದ ಬಂದ ರಾಷ್ಟ್ರೀಯ ಮೌಲ್ಯಮಾಪನ ಓದಿನ ಸಾಕ್ಷರತೆ ಮತ್ತು ಅಂಕಿ ಸಾಕ್ಷರತೆಯನ್ನು ಅಳೆಯುತ್ತದೆ, ವಿದ್ಯಾರ್ಥಿಯನ್ನು ಪಾಸು ಫೇಲು ಮಾಡುವುದಿಲ್ಲ. ಆದರೆ ದೀರ್ಘ ಸೃಜನಶೀಲ ಬರಹವನ್ನು ಹಿಂದಿನದೂ ಕೇಳಲಿಲ್ಲ, ಈಗಿನದೂ ಕೇಳುವುದಿಲ್ಲ. ಪೀಸಾ ಎಂಬ ಅಂತಾರಾಷ್ಟ್ರೀಯ ಮೌಲ್ಯಮಾಪನದ ಓದಿನ ವಿಭಾಗದಲ್ಲಿ ಹದಿನೈದು ವರ್ಷದ ಇಂಡೊನೇಷ್ಯಾದ ಮಕ್ಕಳ ಸರಾಸರಿ 2018ರಲ್ಲಿ 371 ಇದ್ದದ್ದು 2022ರಲ್ಲಿ 359ಕ್ಕೆ ಇಳಿಯಿತು. ಈ ಅಂಕಿಗಳು ಹೊರಬಂದಾಗಲೆಲ್ಲ ಚರ್ಚೆ ಓದಿನ ಸುತ್ತಲೇ ಸುತ್ತುತ್ತದೆ, ಬರವಣಿಗೆ ಬದಿಗೆ ಸರಿಯುತ್ತದೆ. ಕಥೆ ಬರೆದು ನೋಡಿದ ಮಗು ಬೇರೆಯವರ ಕಥೆಯನ್ನು ಹೆಚ್ಚು ಎಚ್ಚರದಿಂದ ಓದುತ್ತದೆ ಎಂಬ ಸರಳ ಸಂಬಂಧವನ್ನಾದರೂ ಈ ಚರ್ಚೆ ಗಮನಿಸಬೇಕಿತ್ತು.

2022ರಲ್ಲಿ ಘೋಷಣೆಯಾಗಿ 2024ರಲ್ಲಿ ರಾಷ್ಟ್ರೀಯ ಪಠ್ಯಕ್ರಮವಾದ 'ಮೆರ್ದೆಕಾ' ಅಂದರೆ ಸ್ವತಂತ್ರ ಪಠ್ಯಕ್ರಮ ಈ ಚಿತ್ರವನ್ನು ಸ್ವಲ್ಪ ಬದಲಿಸಿದೆ. ತರಗತಿವಾರು ಸಾಮರ್ಥ್ಯಗಳ ಉದ್ದ ಪಟ್ಟಿಯ ಬದಲು ಏಳರಿಂದ ಒಂಬತ್ತನೆಯವರೆಗಿನ ಮೂರು ವರ್ಷಗಳಿಗೆ ಒಟ್ಟಾಗಿ ಗುರಿಗಳನ್ನು ಹೇಳಲಾಗಿದೆ, ಬರವಣಿಗೆ ತಾರ್ಕಿಕವೂ ವಿಮರ್ಶಾತ್ಮಕವೂ ಸೃಜನಶೀಲವೂ ಆಗಿರಬೇಕೆಂದಿದೆ. ಏಳನೇ ತರಗತಿಯ ಹೊಸ ಪುಸ್ತಕದಲ್ಲಿ ಜನಪದ ಕಾವ್ಯ ಮತ್ತು ಫ್ಯಾಂಟಸಿ ಎರಡೂ ಕಲ್ಪನಾಲೋಕದ ಸಂಚಾರ ಎಂಬ ಆಶಯದ ಒಂದೇ ಅಧ್ಯಾಯದಲ್ಲಿವೆ, ಪುಸ್ತಕ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಶಿಕ್ಷಕರು ತಮ್ಮ ಮಕ್ಕಳಿಗೆ ತಕ್ಕಂತೆ ಪಾಠದ ಮಾಡ್ಯೂಲನ್ನು ತಾವೇ ಬರೆಯಬಹುದು. ಸ್ವಾತಂತ್ರ್ಯ ಸಿಕ್ಕಾಗ ಹಳೆಯ ಪಟ್ಟಿಯನ್ನೇ ಹೊಸ ವಿನ್ಯಾಸದಲ್ಲಿ ಮುದ್ರಿಸುವ ಅಪಾಯವೂ ಇದ್ದೇ ಇದೆ. ಅಂಗಗಳೆಲ್ಲ ಸರಿಯಾಗಿರುವ ಫ್ಯಾಂಟಸಿ ಕಥೆಯನ್ನು ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ಬರೆದುಕೊಡುವ ಈ ಹೊತ್ತಿನಲ್ಲಿ, ಅಂಗಗಳಿಗಷ್ಟೇ ಅಂಕ ಕೊಡುವ ಮಾನದಂಡ ಮಗುವಿನ ದುಡಿಮೆಯನ್ನು ನೋಡಲಾರದು.

ಹಾಗಾಗಿ ಈಗ ಸಿದ್ಧವಾಗಬೇಕಾದ ಸಾಮಗ್ರಿಯಲ್ಲಿ ಮಾದರಿ ಕಥೆಯ ಪಕ್ಕದಲ್ಲೇ ಒಂದು ಮಗುವಿನ ಕಥೆಯ ಮೂರು ಕರಡುಗಳು ಒಂದರ ನಂತರ ಒಂದಾಗಿ ಅಚ್ಚಾಗಬೇಕೆಂದು ನಾನು ಬಯಸುತ್ತೇನೆ. ಹೊಡೆದುಹಾಕಿದ ಸಾಲು, ಸಹಪಾಠಿಯ ಚೀಟಿ, ಶಿಕ್ಷಕಿಯ ಪ್ರಶ್ನೆ, ಅದರಿಂದ ಬದಲಾದ ಕಂಡಿಕೆ ಎಲ್ಲವೂ ಕಾಣಬೇಕು. ಅಂಕಗಳ ಅರ್ಧ ಭಾಗ ಮೊದಲ ಕರಡಿನಿಂದ ಕೊನೆಯದರವರೆಗೆ ಆದ ಬದಲಾವಣೆಗೆ ಮೀಸಲಾಗಬೇಕು. ಆಗ ಸಾಮಗ್ರಿಯ ಯೋಗ್ಯತೆಯನ್ನು ಪರಿಶೀಲಿಸುವ ತಜ್ಞರ ಕೈಗೂ ಪ್ರಶ್ನಾವಳಿಯ ಬದಲು 32 ಮಕ್ಕಳ ಕರಡುಗಳ ಕಟ್ಟು ಬರುತ್ತದೆ, ಮೂರನೆಯ ಕರಡಿನಲ್ಲಿ ಎಷ್ಟು ಕಥೆಗಳ ಮಾಯೆಗೆ ನಿಯಮ ಹುಟ್ಟಿದೆ ಎಂಬುದನ್ನು ಅವರು ಓದಿಯೇ ಹೇಳಬೇಕಾಗುತ್ತದೆ.